ಅತಿಥಿಯೂ ಅಲ್ಲ, ಕಾರ್ಮಿಕನೂ ಅಲ್ಲ

ನಿವೃತ್ತರಾದ ನಮ್ಮಂಥವರ ಅಮೆರಿಕ ಪ್ರವಾಸಕ್ಕೆ ಒಂದು ನಿಗದಿತ ಕ್ರಮವಿದೆ. ನಯಾಗರಾ ಜಲಪಾತ, ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಗಳು, ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಾಲಯ. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ ಪೆನ್ಸಿಲ್ವೇನಿಯಾದ ಹರ್ಷೀ ಪಟ್ಟಣ. ನಾನೂ 2023ರಲ್ಲಿ ಮಗಳ ಮನೆಗೆ ಹೋದಾಗ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಹರ್ಷೀಯ ಮುಖ್ಯರಸ್ತೆಯ ಹೆಸರೇ ಚಾಕೊಲೇಟ್ ಅವೆನ್ಯೂ. ಬೀದಿದೀಪಗಳಿಗೆ ಆ ಕಂಪನಿಯ ಪ್ರಸಿದ್ಧ ಮಿಠಾಯಿಯ ಆಕಾರ. ಚಾಕೊಲೇಟ್ ತಯಾರಿಕೆಯ ವಿಧಾನವನ್ನು ತೋರಿಸುವ ಪುಟ್ಟ ರೈಲುಬಂಡಿಯಲ್ಲಿ ಕುಳಿತರೆ ಯಂತ್ರದ ಹಸುಗಳು ಹಾಡು ಹೇಳುತ್ತವೆ. ಇಳಿಯುವಾಗ ಕೈಗೊಂದು ಚಾಕೊಲೇಟ್ ಸಿಗುತ್ತದೆ. ನನ್ನ ಮೊಮ್ಮಗಳು ಆ ಬಂಡಿಯನ್ನು ಮೂರು ಸಲ ಹತ್ತಿಳಿದಳು.

ಹಿಂದಿರುಗುವಾಗ ಕೆಲವೇ ಮೈಲಿ ದೂರದಲ್ಲಿ ಪಾಲ್ಮೈರಾ ಎಂಬ ಊರಿನ ಫಲಕ ಕಾಣಿಸಿತು. ಕಾರು ಓಡಿಸುತ್ತಿದ್ದ ಅಳಿಯ, "ಮಾವ, ನಾನು ಎಂ.ಎಸ್. ಓದಲು ಬಂದ ವರ್ಷ ಈ ಊರಿನಲ್ಲಿ ದೊಡ್ಡ ಗಲಾಟೆಯಾಗಿತ್ತು. ಚಾಕೊಲೇಟ್ ಪ್ಯಾಕ್ ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳು ಕೆಲಸ ಬಿಟ್ಟು ಬೀದಿಗೆ ಬಂದಿದ್ದರು" ಎಂದರು. ಸರ್ಕಾರಿ ಸೇವೆಯಲ್ಲಿ ಕೆಲವು ವರ್ಷ ಕಾರ್ಮಿಕ ವಿಷಯಗಳ ಕಡತಗಳೊಡನೆ ಕಳೆದವನಾದ್ದರಿಂದ ನನ್ನ ಕುತೂಹಲ ಕೆರಳಿತು. ಅಂದು ರಾತ್ರಿಯಿಂದ ಆ ಪ್ರಕರಣದ ಬಗ್ಗೆ ಓದತೊಡಗಿದೆ. ಓದುತ್ತಾ ಹೋದಂತೆ, ದೂರದ ದೇಶದ ಒಂದು ಹಗರಣವನ್ನು ತಿಳಿಯುತ್ತಿದ್ದೇನೆ ಎಂಬ ಭಾವನೆ ಕರಗಿ, ನಾನೇ ಹಿಂದೊಮ್ಮೆ ಸಹಿ ಹಾಕಿದ ಕಡತವೊಂದನ್ನು ಮತ್ತೆ ತೆರೆಯುತ್ತಿದ್ದೇನೆ ಎನ್ನಿಸಿತು. ಈ ಲೇಖನಕ್ಕೆ ಅದೇ ಪ್ರೇರಣೆ.

ಮೊದಲು ಪಾಲ್ಮೈರಾದ ಸಂಗತಿ. 2011ರ ಬೇಸಿಗೆಯಲ್ಲಿ ಸುಮಾರು 400 ವಿದೇಶಿ ವಿದ್ಯಾರ್ಥಿಗಳು ಅಲ್ಲಿನ ಗೋದಾಮು-ಕಾರ್ಖಾನೆಯೊಂದರಲ್ಲಿ ಹರ್ಷೀಸ್ ಕಂಪನಿಯ ಚಾಕೊಲೇಟುಗಳನ್ನು ಪೆಟ್ಟಿಗೆಗಳಿಗೆ ತುಂಬುವ ಕೆಲಸ ಮಾಡುತ್ತಿದ್ದರು. ಚೀನಾ, ಟರ್ಕಿ, ಉಕ್ರೇನ್, ರೊಮೇನಿಯಾ, ನೈಜೀರಿಯಾ ಮುಂತಾದ ದೇಶಗಳಿಂದ ಬಂದವರು. ವೈದ್ಯಕೀಯ, ಎಂಜಿನಿಯರಿಂಗ್ ಓದುತ್ತಿದ್ದವರೂ ಅವರಲ್ಲಿದ್ದರು. ಅವರ ಬಳಿಯಿದ್ದುದು ಜೆ-1 ಎಂಬ ವೀಸಾ. ಬೇಸಿಗೆ ರಜೆಯಲ್ಲಿ ಗರಿಷ್ಠ ನಾಲ್ಕು ತಿಂಗಳು ಕೆಲಸ ಮಾಡಿ, ಬಂದ ಹಣದಲ್ಲಿ ದೇಶ ಸುತ್ತಿ, ಅಮೆರಿಕದ ಜನಜೀವನವನ್ನು ಅರಿತು ಮನೆಗೆ ಮರಳುವುದು ಅದರ ಘೋಷಿತ ಉದ್ದೇಶ. ಬೇಸಿಗೆಯ ಕೆಲಸ ಮತ್ತು ಪ್ರವಾಸ ಎಂಬುದೇ ಆ ಕಾರ್ಯಕ್ರಮದ ಹೆಸರು.

ಅಮೆರಿಕದ ಮಿಠಾಯಿ ಉದ್ಯಮಕ್ಕೆ ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬವೆಂದರೆ ನಮ್ಮ ಸಿಹಿ ಅಂಗಡಿಗಳಿಗೆ ದೀಪಾವಳಿಯಿದ್ದಂತೆ. ಅದಕ್ಕೆ ಬೇಕಾದ ಸರಕು ಬೇಸಿಗೆಯಲ್ಲೇ ಸಿದ್ಧವಾಗಬೇಕು. ಆ ಅವಸರದ ಹೊರೆ ಈ ವಿದ್ಯಾರ್ಥಿಗಳ ಹೆಗಲಿಗೆ ಬಿತ್ತು. ಅನೇಕರಿಗೆ ರಾತ್ರಿ ಪಾಳಿ. ನಿಲ್ಲದೆ ಸರಿಯುವ ಪಟ್ಟಿಯ ವೇಗಕ್ಕೆ ಸರಿಯಾಗಿ ಭಾರದ ಪೆಟ್ಟಿಗೆಗಳನ್ನು ಎತ್ತಿ ಇಡಬೇಕು. ಬೆನ್ನು, ತೋಳುಗಳ ನೋವು, ಮರಗಟ್ಟಿದ ಬೆರಳುಗಳ ಬಗ್ಗೆ ಅವರು ದೂರಿದರು. ದೂರಿದಾಗ ಸಿಕ್ಕ ಉತ್ತರ, ಒಗ್ಗದಿದ್ದರೆ ವೀಸಾ ರದ್ದಾಗಿ ಊರಿಗೆ ಮರಳಬೇಕಾದೀತು ಎಂಬ ಬೆದರಿಕೆ ಎಂದು ಅವರು ಹೇಳಿದರು. ಕೊನೆಗೆ ಆಗಸ್ಟ್ 17ರಂದು ನೂರಾರು ವಿದ್ಯಾರ್ಥಿಗಳು ಕೆಲಸ ನಿಲ್ಲಿಸಿ ಹೊರನಡೆದರು. ಬೇರೆ ಬೇರೆ ಭಾಷೆಗಳ ಘೋಷಣೆ ಒಂದೇ ಗೇಟಿನ ಮುಂದೆ ಕೇಳಿಸಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗದ ಈ ಯುವಜನರ ನಡುವೆ ನಿಜವಾದ ಸಾಂಸ್ಕೃತಿಕ ವಿನಿಮಯವೇನಾದರೂ ನಡೆದಿದ್ದರೆ ಅದು ಆ ದಿನವೇ ಎಂದು ತೋರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೊದಲು ಮಾಡಿದ್ದು ಲೆಕ್ಕ. ಈ ಯುವಜನರು ವೀಸಾ, ಪ್ರಯಾಣ, ಮಧ್ಯವರ್ತಿ ಸಂಸ್ಥೆಗಳ ಶುಲ್ಕಕ್ಕೆಂದು ತಲಾ 3,000ದಿಂದ 6,000 ಡಾಲರ್ ಕೊಟ್ಟು ಬಂದಿದ್ದರು. ಅಂದಿನ ದರದಲ್ಲಿ ಒಂದೂಕಾಲು ಲಕ್ಷದಿಂದ ಎರಡೂಮುಕ್ಕಾಲು ಲಕ್ಷ ರೂಪಾಯಿ. ಕೂಲಿ ಗಂಟೆಗೆ 7.25ರಿಂದ 8.35 ಡಾಲರ್, ಮೊದಲ ಅಂಕಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಯೇ. ವಾರಕ್ಕೆ 40 ಗಂಟೆ ದುಡಿದರೆ ಹೆಚ್ಚೆಂದರೆ 334 ಡಾಲರ್. ಇದರಿಂದ ವಸತಿಯ ಬಾಡಿಗೆ ಮತ್ತಿತರ ಬಾಬ್ತುಗಳನ್ನು ಸಂಬಳ ಕೈಸೇರುವ ಮೊದಲೇ ಹಿಡಿದುಕೊಳ್ಳಲಾಗುತ್ತಿತ್ತು. ಕಡಿತಗಳೆಲ್ಲ ಮುಗಿದು ವಾರಕ್ಕೆ 40ರಿಂದ 140 ಡಾಲರ್ ಮಾತ್ರ ಉಳಿಯುತ್ತಿತ್ತೆಂದು ವಿದ್ಯಾರ್ಥಿಗಳು ತಿಳಿಸಿದರು. 140 ಡಾಲರ್ ಎಂಬ ಮೇಲಿನ ಅಂಕಿಯನ್ನೇ ಹಿಡಿದು, ವೀಸಾ ಅನುಮತಿಸುವ ನಾಲ್ಕು ತಿಂಗಳೂ ಒಂದು ದಿನ ತಪ್ಪದೆ ದುಡಿದರೆಂದುಕೊಂಡರೂ ಒಟ್ಟು ಮೊತ್ತ 2,400 ಡಾಲರನ್ನು ದಾಟದು. ಎಂದರೆ, ಅತಿ ಕಡಿಮೆ ಶುಲ್ಕ ಕೊಟ್ಟು ಬಂದ, ಅತಿ ಹೆಚ್ಚು ಉಳಿಸಿದ ವಿದ್ಯಾರ್ಥಿಯೂ ಸಾಲದೊಡನೆ ಊರಿಗೆ ಮರಳಬೇಕು. ದೇಶ ಸುತ್ತುವ ಮಾತು ದೂರವೇ ಉಳಿಯಿತು. ಸಂಬಳ ಪಡೆಯುವುದಕ್ಕೆ ಬದಲಾಗಿ ತಾನೇ ಹಣ ಕೊಟ್ಟು ಕೂಲಿ ಮಾಡುವ ವ್ಯವಸ್ಥೆ ಇದು.

ಇಂಥದ್ದು ಅಮೆರಿಕದಂತಹ, ಕಾನೂನಿನ ಆಳ್ವಿಕೆಯುಳ್ಳ ದೇಶದಲ್ಲಿ ಹೇಗೆ ಸಾಧ್ಯವಾಯಿತು? ಯಾರೋ ಕೆಲವು ದುಷ್ಟರ ಕೃತ್ಯವೆಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವ ಕಾರಣಗಳು ಮೂರು. ಮೂರೂ ವ್ಯವಸ್ಥೆಯೊಳಗೇ ಹುದುಗಿರುವಂಥವು.

ಮೊದಲನೆಯದು ಉಪಗುತ್ತಿಗೆಯ ಸರಪಳಿ. ಚಾಕೊಲೇಟು ಹರ್ಷೀಸ್ ಕಂಪನಿಯದು. ಗೋದಾಮು ನಡೆಸುತ್ತಿದ್ದುದು ಎಕ್ಸೆಲ್ ಎಂಬ ಸರಕು ನಿರ್ವಹಣಾ ಕಂಪನಿ. ಅದಕ್ಕೆ ಆಳುಗಳನ್ನು ಒದಗಿಸುತ್ತಿದ್ದುದು ಇನ್ನೊಂದು ಸಂಸ್ಥೆ. ವಿದ್ಯಾರ್ಥಿಗಳನ್ನು ಕರೆತಂದ ಪ್ರಾಯೋಜಕ ಸಂಸ್ಥೆ ಮತ್ತೊಂದು. ಅವರವರ ದೇಶಗಳಲ್ಲಿ ಹಣ ಪಡೆದ ಮಧ್ಯವರ್ತಿಗಳು ಬೇರೆಯೇ. ಪೆಟ್ಟಿಗೆಯ ಮೇಲೆ ಯಾರ ಹೆಸರಿದೆಯೋ ಆ ಕಂಪನಿ, ಇವರು ನಮ್ಮ ನೌಕರರಲ್ಲ ಎಂದು ನಿಜವನ್ನೇ ಹೇಳಬಹುದಿತ್ತು. ಲಾಭ ಸರಪಳಿಯ ಮೇಲ್ತುದಿಗೆ ಏರುತ್ತದೆ. ಹೊಣೆ ಕೆಳತುದಿಗೆ ಇಳಿಯುತ್ತದೆ.

ಎರಡನೆಯದು ತೆರಿಗೆಯ ರಿಯಾಯಿತಿ. ಅಮೆರಿಕದಲ್ಲಿ ಸಾಮಾನ್ಯ ಕಾರ್ಮಿಕನೊಬ್ಬನಿಗೆ ಸಂಬಳ ಕೊಡುವ ಉದ್ಯೋಗದಾತ, ಸಾಮಾಜಿಕ ಭದ್ರತೆ ಮತ್ತು ವೃದ್ಧರ ಆರೋಗ್ಯ ವಿಮೆಗೆಂದು ಸಂಬಳದ ಶೇ 7.65ರಷ್ಟನ್ನು ತನ್ನ ಪಾಲಾಗಿ ಕಟ್ಟಬೇಕು. ನಿರುದ್ಯೋಗ ವಿಮೆಯ ತೆರಿಗೆ ಪ್ರತ್ಯೇಕ. ವಿನಿಮಯ ವೀಸಾದ ವಿದ್ಯಾರ್ಥಿಗೆ ಶೇ 7.65ರ ಆ ಹೊರೆಯೂ ಇಲ್ಲ, ಕೇಂದ್ರದ ನಿರುದ್ಯೋಗ ತೆರಿಗೆಯೂ ಇಲ್ಲ. ವಾರಕ್ಕೆ 334 ಡಾಲರಿನ ಮೇಲೆ ಶೇ 7.65 ಎಂದರೆ ತಲೆಗೆ ಸುಮಾರು 25 ಡಾಲರ್ ಉಳಿತಾಯ. 400 ಜನ, 16 ವಾರ ಎಂದು ಗುಣಿಸಿದರೆ ಒಂದೇ ಹಂಗಾಮಿನಲ್ಲಿ ಸುಮಾರು 1,60,000 ಡಾಲರ್. ಇದು ನನ್ನ ಸ್ಥೂಲ ಅಂದಾಜು. ಸರಪಳಿಯ ಯಾವ ಕೊಂಡಿ ಅದನ್ನು ಪಡೆಯಿತೆಂಬುದು ಬೇರೆ ಮಾತು. ವಿದೇಶಿ ವಿದ್ಯಾರ್ಥಿಯನ್ನು ತೆಗೆದುಕೊಂಡರೆ ಇಂತಿಷ್ಟು ಲಾಭ ಎಂದು ಸರ್ಕಾರವೇ ಬೆಲೆಪಟ್ಟಿ ಬರೆದು ಅಂಟಿಸಿದಂತಾಯಿತು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಬಿಡುವ ಸ್ವಾತಂತ್ರ್ಯದ ಅಭಾವ. ಖರೀದಿದಾರ ಒಬ್ಬನೇ ಇರುವ ಮಾರುಕಟ್ಟೆಯಲ್ಲಿ ಬೆಲೆ ಹೇಗೆ ಕುಸಿಯುತ್ತದೆಂಬುದನ್ನು ಜೋನ್ ರಾಬಿನ್ಸನ್ 1933ರಷ್ಟು ಹಿಂದೆಯೇ ವಿವರಿಸಿದರು. ಎಂ.ಎ. ತರಗತಿಯಲ್ಲಿ ನಾವದನ್ನು ರೇಖಾಚಿತ್ರವಾಗಿ ಬರೆದು ಅಂಕ ಗಳಿಸಿದೆವು. ಪಾಲ್ಮೈರಾದಲ್ಲಿ ಆ ರೇಖಾಚಿತ್ರಕ್ಕೆ ಜೀವ ಬಂದಿತ್ತು. ವೀಸಾ ಪ್ರಾಯೋಜಕನ ಕೈಯಲ್ಲಿ, ಮನೆ ಸರಪಳಿಯ ಮತ್ತೊಬ್ಬರ ಕೈಯಲ್ಲಿ, ಊರಿನಲ್ಲಿ ಸಾಲ. ಬಿಟ್ಟು ಹೋಗಲಾರದವನ ಶ್ರಮಕ್ಕೆ ಮಾರುಕಟ್ಟೆಯ ಬೆಲೆಯೆಂಬುದಿಲ್ಲ. ಕೊಡುವವನು ಕೊಟ್ಟದ್ದೇ ಬೆಲೆ.

ಹರ್ಷೀ ಪಟ್ಟಣದ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲೊಂದು ವಿಷಾದವೂ ಇದೆ. ಮಿಲ್ಟನ್ ಹರ್ಷೀ 1903ರಲ್ಲಿ ಅಲ್ಲಿ ಕಾರ್ಖಾನೆ ಕಟ್ಟಲು ಆರಂಭಿಸಿದಾಗ ಕಾರ್ಮಿಕರಿಗಾಗಿ ಊರನ್ನೇ ಕಟ್ಟಿದ. ಮನೆ, ಉದ್ಯಾನ, ಟ್ರಾಮ್ ಸೌಕರ್ಯ ಎಲ್ಲವನ್ನೂ ಒದಗಿಸಿದ. 1909ರಲ್ಲಿ ಅನಾಥ ಬಾಲಕರಿಗಾಗಿ ಶಾಲೆ ತೆರೆದು, 1918ರಲ್ಲಿ ತನ್ನ ಸಂಪತ್ತಿನ ಬಹುಭಾಗವನ್ನು ಅದಕ್ಕೆ ಬರೆದುಕೊಟ್ಟ. ಅಂತಹ ಧರ್ಮಬುದ್ಧಿಯ ಧಣಿಯ ಕಾರ್ಖಾನೆಯಲ್ಲೂ 1937ರ ಏಪ್ರಿಲಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿ ಒಳಗೇ ಕುಳಿತರು. ಹಾಲು ಮಾರಲಾಗದೆ ಕಂಗೆಟ್ಟ ರೈತರೂ ಕಂಪನಿಗೆ ನಿಷ್ಠರಾದ ನೌಕರರೂ ನುಗ್ಗಿ ಅವರನ್ನು ಥಳಿಸಿ ಹೊರದಬ್ಬಿದರು. ಧಣಿಯ ಒಳ್ಳೆಯತನ ಎಷ್ಟೇ ದೊಡ್ಡದಿರಲಿ, ಅದು ಹಕ್ಕಿಗೆ ಬದಲಿಯಾಗದು ಎಂಬ ಪಾಠವನ್ನು ಆ ಊರು ಅಂದೇ ಕಲಿತಿತ್ತು. ಮುಂದೆ ಅಲ್ಲಿ ಕಾರ್ಮಿಕ ಸಂಘ ಬೇರೂರಿತು. ಪೆಟ್ಟಿಗೆ ತುಂಬುವ ಇಂಥದ್ದೇ ಕೆಲಸಕ್ಕೆ ಸಂಘಟಿತ ಕಾರ್ಮಿಕರಿಗೆ ಈ ವಿದ್ಯಾರ್ಥಿಗಳ ಎರಡು ಪಟ್ಟಿಗೂ ಹೆಚ್ಚು ಕೂಲಿಯಿತ್ತು ಎಂದು ಸಂಘದವರು 2011ರಲ್ಲಿ ನೆನಪಿಸಿದರು. ಆ ವರ್ಷ ಅಮೆರಿಕದ ನಿರುದ್ಯೋಗ ಶೇ 9ರ ಆಸುಪಾಸಿನಲ್ಲಿತ್ತು. ಈ ಕೆಲಸಗಳನ್ನು ನ್ಯಾಯವಾದ ಕೂಲಿಯೊಡನೆ ಸ್ಥಳೀಯರಿಗೆ ಕೊಡಿ ಎಂಬುದು ವಿದ್ಯಾರ್ಥಿಗಳ ಬೇಡಿಕೆಗಳಲ್ಲಿ ಒಂದಾಗಿತ್ತು. ಹೊರಗಿನಿಂದ ಬಂದವರು ನಮ್ಮ ಕೆಲಸ ಕಸಿಯುತ್ತಾರೆಂಬ ಕೂಗು ಎಲ್ಲ ದೇಶಗಳಲ್ಲೂ ಕೇಳುತ್ತದೆ. ಹೊರಗಿನಿಂದ ಬಂದವರೇ ಸ್ಥಳೀಯರ ಪರವಾಗಿ ಕೂಗಿದ್ದು ಅಪರೂಪ.

ಸರ್ಕಾರಕ್ಕೆ ಇದೆಲ್ಲ ತಿಳಿದಿರಲಿಲ್ಲವೇ? ತಿಳಿದಿತ್ತು. ಈ ವಿನಿಮಯ ವೀಸಾದ ಮೂಲ ಸೆನೆಟರ್ ಫುಲ್‌ಬ್ರೈಟ್ ಅವರ ಹೆಸರಿಗೂ ಅಂಟಿಕೊಂಡಿರುವ 1961ರ ಕಾಯ್ದೆ. ದೇಶ ದೇಶಗಳ ನಡುವೆ ಪರಸ್ಪರ ತಿಳಿವಳಿಕೆ ಹೆಚ್ಚಲಿ ಎಂಬುದು ಅದರ ಆಶಯ. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಕಚೇರಿ, ನಮ್ಮ ಮಹಾಲೇಖಪಾಲರಿಗೆ ಸಮಾನವಾದದ್ದು, 1990ರಲ್ಲೇ ಈ ಬೇಸಿಗೆ ಕೆಲಸದ ವರ್ಗ ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲವೆಂದು ಎಚ್ಚರಿಸಿತ್ತು. 2005ರಲ್ಲಿ ಮತ್ತೊಮ್ಮೆ, ಮೇಲ್ವಿಚಾರಣೆ ಸಾಲದೆಂದು ಹೇಳಿತ್ತು. ಆದರೆ ವಿದ್ಯಾರ್ಥಿಗಳ ಸಂಖ್ಯೆ ಬೆಳೆಯುತ್ತಲೇ ಹೋಗಿ 2008ರಲ್ಲಿ ಒಂದೂವರೆ ಲಕ್ಷವನ್ನು ದಾಟಿತು. ಮೇಲ್ವಿಚಾರಣೆಯ ಹೊಣೆಯನ್ನು ಪ್ರಾಯೋಜಕ ಸಂಸ್ಥೆಗಳಿಗೇ, ಎಂದರೆ ಹೆಚ್ಚು ವಿದ್ಯಾರ್ಥಿಗಳು ಬಂದಷ್ಟೂ ಹೆಚ್ಚು ಶುಲ್ಕ ಗಳಿಸುವವರಿಗೇ ವಹಿಸಲಾಗಿತ್ತು. ಇನ್ನೊಂದು ದೋಷವನ್ನು ಆಡಳಿತಗಾರನ ಕಣ್ಣು ಥಟ್ಟನೆ ಗುರುತಿಸುತ್ತದೆ. ಕಾರ್ಯಕ್ರಮ ವಿದೇಶಾಂಗ ಇಲಾಖೆಯದು. ದುಡಿಮೆಯ ಸ್ಥಿತಿಗತಿ ಕಾರ್ಮಿಕ ಇಲಾಖೆಯದು. ರಾಜತಾಂತ್ರಿಕರು ಕಾರ್ಖಾನೆಯ ನೆಲ ನೋಡಿದವರಲ್ಲ. ಕಾರ್ಖಾನೆ ಬಲ್ಲವರಿಗೆ ವಿನಿಮಯದ ಕಡತ ಬರುವುದಿಲ್ಲ. ಎರಡು ಇಲಾಖೆಗಳ ನಡುವಿನ ಗೋಡೆಯ ಮೇಲೆ ಕುಳಿತ ವಿಷಯಕ್ಕೆ ಯಾರೂ ವಾರಸುದಾರರಿಲ್ಲದಿರುವುದು ಎಲ್ಲ ಸರ್ಕಾರಗಳ ಅನುಭವ.

ಮುಷ್ಕರದ ನಂತರ ಚಕ್ರ ಉರುಳಿತು. 2011ರ ನವೆಂಬರಿನಲ್ಲಿ ವಾರ್ಷಿಕ ಸಂಖ್ಯೆಗೆ 1,09,000ದ ಮಿತಿ ಬಿತ್ತು. 2012ರ ಆರಂಭದಲ್ಲಿ ಆ ಪ್ರಾಯೋಜಕ ಸಂಸ್ಥೆಯನ್ನು ಕಾರ್ಯಕ್ರಮದಿಂದ ಹೊರಹಾಕಲಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಹೊಸ ನಿಯಮಗಳು ಬಂದವು. ಕಾರ್ಖಾನೆ, ಕಟ್ಟಡ ನಿರ್ಮಾಣ, ಕೃಷಿ, ಗೋದಾಮುಗಳ ಕೆಲಸಕ್ಕೂ, ಬಹುಪಾಲು ರಾತ್ರಿ 10ರಿಂದ ಬೆಳಗಿನ 6ರ ನಡುವೆ ಬೀಳುವ ಪಾಳಿಗಳಿಗೂ ಈ ವಿದ್ಯಾರ್ಥಿಗಳನ್ನು ಹಚ್ಚಬಾರದೆಂದು ಅವು ವಿಧಿಸಿದವು. ಕಾರ್ಮಿಕ ಸುರಕ್ಷತಾ ಇಲಾಖೆ ಎಕ್ಸೆಲ್ ಕಂಪನಿಯ ಮೇಲೆ, ಗಾಯಗಳನ್ನು ದಾಖಲಿಸದಿದ್ದುದೂ ಸೇರಿ ಹಲವು ಉಲ್ಲಂಘನೆಗಳಿಗಾಗಿ 2,83,000 ಡಾಲರ್ ದಂಡ ಸೂಚಿಸಿತು. 2012ರ ನವೆಂಬರಿನ ರಾಜಿಯಲ್ಲಿ ಅದು 1,43,000ಕ್ಕೆ ಇಳಿಯಿತು. ಜೊತೆಗೆ ಮೂರು ಸಂಸ್ಥೆಗಳು ಸೇರಿ 1,028 ವಿದ್ಯಾರ್ಥಿಗಳಿಗೆ ಸುಮಾರು 2,13,000 ಡಾಲರ್ ಬಾಕಿ ಕೂಲಿ ಕೊಡಲು ಒಪ್ಪಿದವು. ಭಾಗಿಸಿ ನೋಡಿದರೆ ತಲೆಗೆ ಸರಾಸರಿ 207 ಡಾಲರ್. 3,000 ಡಾಲರ್ ಸುರಿದು ಬಂದವನಿಗೆ ದಕ್ಕಿದ ನ್ಯಾಯದ ಮೊತ್ತ ಇದು. ಪೆಟ್ಟಿಗೆಯ ಮೇಲೆ ಹೆಸರಿದ್ದ ಕಂಪನಿ ಆ ರಾಜಿಯಲ್ಲಿ ಪಕ್ಷವೇ ಆಗಿರಲಿಲ್ಲ.

ಹಾಗೆಂದು ನಿಯಮಗಳು ವ್ಯರ್ಥವೆಂದು ನಾನು ಹೇಳಲಾರೆ. ನಿಯಮ ಬಂದ ಮೇಲೆ ಕಾರ್ಖಾನೆಯ ಬಾಗಿಲು ಈ ವರ್ಗಕ್ಕೆ ಮುಚ್ಚಿತು. ಅದು ಸಣ್ಣ ಗೆಲುವಲ್ಲ. ಆದರೆ ಮುಚ್ಚಿದ್ದು ಒಂದು ವರ್ಗದ ಬಾಗಿಲು ಮಾತ್ರ. 2019ರಲ್ಲಿ ಅಯೋವಾ ರಾಜ್ಯದ ಕಾಲೇಜೊಂದಕ್ಕೆ ಚಿಲಿ ಮತ್ತು ಬ್ರೆಜಿಲ್ ದೇಶಗಳ ಯುವಜನರು ಅದೇ ಜೆ-1 ವೀಸಾದ ಬೇರೊಂದು ವರ್ಗದಲ್ಲಿ ಓದಲು ಬಂದರು. ತಮ್ಮನ್ನು ಓದಿಗೆ ಸಂಬಂಧವೇ ಇಲ್ಲದ ಸಾಕುಪ್ರಾಣಿಗಳ ಆಹಾರದ ಕಾರ್ಖಾನೆಯಲ್ಲೂ ಆಹಾರ ಪ್ಯಾಕ್ ಮಾಡುವ ಘಟಕದಲ್ಲೂ ದುಡಿಸಲಾಯಿತೆಂದು ಅವರು ನ್ಯಾಯಾಲಯದ ಮೊರೆ ಹೋದರು. ಒಂದು ಕಿಂಡಿ ಮುಚ್ಚಿದರೆ ನೀರು ಇನ್ನೊಂದು ಕಿಂಡಿಯಿಂದ ಹರಿಯುತ್ತದೆ. ಅಗ್ಗದ ಶ್ರಮದ ಬೇಡಿಕೆಯೆಂಬ ಹರಿವು ಹಾಗೆಯೇ ಇದ್ದು, ಹಣೆಪಟ್ಟಿ ಮಾತ್ರ ಬದಲಾಗುತ್ತದೆ.

ಇದಕ್ಕೆ ಪ್ರತಿವಾದವೂ ಉಂಟು. ಅದನ್ನು ಗೌರವದಿಂದ ಕೇಳಬೇಕು. ಈ ಕಾರ್ಯಕ್ರಮದಲ್ಲಿ ಬಂದ ಸಾವಿರಾರು ವಿದ್ಯಾರ್ಥಿಗಳು ಕಡಲತೀರದ ಹೋಟೆಲುಗಳಲ್ಲಿ, ಉದ್ಯಾನಗಳಲ್ಲಿ ದುಡಿದು, ಇಂಗ್ಲಿಷ್ ಕಲಿತು, ಗೆಳೆಯರನ್ನು ಸಂಪಾದಿಸಿ ಸಂತೋಷದಿಂದ ಮರಳಿದ್ದಾರೆ. ಬಂದವರೆಲ್ಲ ವಯಸ್ಕರು, ಯಾರೂ ಕೈಹಿಡಿದು ಎಳೆತಂದಿಲ್ಲ. ಓದುವ ಹುಡುಗರು ನಾಲ್ಕು ದಿನ ಮೈಬಗ್ಗಿಸಿ ದುಡಿದರೆ ಕೆಡುವುದೇನು ಎಂಬ ಪ್ರಶ್ನೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಂತೂ ಸಹಜ. ನನ್ನ ತಂದೆ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಕೆಲವು ಮನೆಗಳಲ್ಲಿ ಬಾವಿಯಿಂದ ನೀರು ಸೇದಿದ್ದನ್ನೂ ಅಂಗಡಿಗೆ ಓಡಿದ್ದನ್ನೂ ಅವರು ಅಭಿಮಾನದಿಂದಲೇ ಹೇಳುತ್ತಿದ್ದರು. ಕಷ್ಟಪಟ್ಟು ಓದುವುದರ ಬಗ್ಗೆ ನನಗೆ ಗೌರವವಿರುವುದು ಆ ಹಿನ್ನೆಲೆಯಿಂದಲೇ. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ಅನ್ನ ಹಾಕಿದ ಮನೆಯವರು ಆ ಹುಡುಗನಿಂದ ಮೊದಲು ಶುಲ್ಕ ಪಡೆದಿರಲಿಲ್ಲ. ಅವನು ಸೇದಿದ ನೀರನ್ನು ಮಾರಿ ಲಾಭ ಮಾಡಿಕೊಳ್ಳಲಿಲ್ಲ. ಮರುವಾರ ಆ ಮನೆಗೆ ಹೋಗದಿದ್ದರೆ ಅವನ ಓದೇ ನಿಲ್ಲುವಂತೆ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಈ ಮೂರೂ ಎಲ್ಲಿ ಒಟ್ಟಾಗುತ್ತವೆಯೋ ಅಲ್ಲಿ ಅತಿಥಿ ಎಂಬ ಮಾತನ್ನು ಬಳಸುವುದು ಆ ಮಾತಿಗೆ ಮಾಡುವ ಅಪಚಾರ.

ಪಾಲ್ಮೈರಾದ ವಿದ್ಯಾರ್ಥಿಗಳಿಗೆ ಬೆಂಬಲವಾಗಿ ನಿಂತ ಅತಿಥಿ ಕಾರ್ಮಿಕರ ಸಂಘಟನೆಯ ಮುಂದಾಳು ದೆಹಲಿ ಮೂಲದ ಸಾಕೇತ್ ಸೋನಿ. ಅವರೂ ವಿದ್ಯಾರ್ಥಿಯಾಗಿಯೇ ಷಿಕಾಗೊಗೆ ಹೋದವರು. ಅದಕ್ಕೂ ಮೊದಲು ಅವರು ನೆರವಾದದ್ದು ನಮ್ಮವರಿಗೇ. 2005ರ ಕತ್ರಿನಾ ಚಂಡಮಾರುತದ ನಂತರ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಹಡಗು ದುರಸ್ತಿ ಕಂಪನಿ ಸುಮಾರು 500 ಭಾರತೀಯ ಬೆಸುಗೆಗಾರರನ್ನೂ ಕೊಳವೆ ಜೋಡಿಸುವವರನ್ನೂ ಕರೆಸಿಕೊಂಡಿತು. ಕಾಯಂ ವಾಸದ ಭರವಸೆಗೆ ಮರುಳಾಗಿ ತಲಾ 10,000 ಡಾಲರಿಗೂ ಹೆಚ್ಚು ಹಣವನ್ನು ಮಧ್ಯವರ್ತಿಗಳಿಗೆ ತೆತ್ತವರು ಅವರು. ಒಂದೊಂದು ಕೋಣೆಯಲ್ಲಿ 24 ಜನರವರೆಗೆ ಮಲಗಿಸಿ ತಿಂಗಳಿಗೆ 1,050 ಡಾಲರನ್ನು ಸಂಬಳದಲ್ಲಿ ಮುರಿದುಕೊಳ್ಳಲಾಗುತ್ತಿತ್ತು. 2008ರಲ್ಲಿ ಅವರು ಕೆಲಸ ಬಿಟ್ಟು ಹೊರಬಂದರು. 2015ರಲ್ಲಿ ಅವರ ಪೈಕಿ ಐವರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ನ್ಯೂ ಆರ್ಲಿಯನ್ಸಿನ ನ್ಯಾಯಮಂಡಳಿ ತೀರ್ಪಿತ್ತಿತು. ಬೆಸುಗೆಗಾರನಿಗೂ ವೈದ್ಯಕೀಯ ವಿದ್ಯಾರ್ಥಿನಿಗೂ ಹೆಣೆದ ಬಲೆಯ ಎಳೆಗಳು ಒಂದೇ: ಮುಂಗಡ ಸಾಲ, ಬಾಡಿಗೆಯ ಕಡಿತ, ಒಬ್ಬನೇ ಧಣಿಗೆ ಕಟ್ಟಿಹಾಕಿದ ವೀಸಾ.

ಜಪಾನಿನದೂ ಇದೇ ಕತೆ. 1993ರಲ್ಲಿ ಆರಂಭವಾದ ಅಲ್ಲಿನ ತಾಂತ್ರಿಕ ತರಬೇತಿ ಕಾರ್ಯಕ್ರಮದ ಹೆಸರಿನಲ್ಲಿ ಏಷ್ಯಾದ ಯುವಜನರು ಹೊಲ, ಕಾರ್ಖಾನೆಗಳಲ್ಲಿ ದುಡಿದರು. ತರಬೇತಿಯ ಅವಧಿಯಲ್ಲಿ ಧಣಿಯನ್ನು ಬದಲಿಸುವ ಅವಕಾಶ ತಾತ್ವಿಕವಾಗಿ ಇರಲಿಲ್ಲ. ಭಾರತ ಕೂಡ 2017ರಲ್ಲಿ ಆ ಕಾರ್ಯಕ್ರಮಕ್ಕೆ ಸಹಕಾರದ ಒಪ್ಪಂದ ಮಾಡಿಕೊಂಡಿತು. ದಶಕಗಳ ಟೀಕೆಯ ಬಳಿಕ 2024ರ ಜೂನಿನಲ್ಲಿ ಜಪಾನಿನ ಸಂಸತ್ತು ಅದನ್ನು ರದ್ದುಪಡಿಸಿ, ಧಣಿಯನ್ನು ಬದಲಿಸಲು ಷರತ್ತುಬದ್ಧ ಅವಕಾಶವಿರುವ ಹೊಸ ವ್ಯವಸ್ಥೆಗೆ ಕಾನೂನು ಮಾಡಿತು. ತರಬೇತಿಯೆಂದು ಕರೆದದ್ದು ಕೆಲಸವೇ ಆಗಿತ್ತೆಂದು ಒಪ್ಪಿಕೊಳ್ಳಲು ಒಂದು ಮುಂದುವರಿದ ದೇಶಕ್ಕೆ 30 ವರ್ಷ ಹಿಡಿಯಿತು.

ಈಗ ನನ್ನ ಕಡತದ ಮಾತು. ಅಮೆರಿಕದ ವಿನಿಮಯ ಕಾಯ್ದೆ ಬಂದ 1961ರ ಕೊನೆಯಲ್ಲೇ ನಮ್ಮ ಸಂಸತ್ತು ಅಪ್ರೆಂಟಿಸ್ ಕಾಯ್ದೆಯನ್ನು ಅಂಗೀಕರಿಸಿತು. ಅದರ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಆರೋಗ್ಯ, ಸುರಕ್ಷತೆ, ಗಾಯಕ್ಕೆ ಪರಿಹಾರ ಇಂತಹ ಕೆಲವನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯವಾಗವು. ಉದ್ದೇಶ ಒಳ್ಳೆಯದೇ, ಕಲಿಸುವವನ ಮೇಲೆ ಹೊರೆ ಹೆಚ್ಚಾದರೆ ಯಾರೂ ಕಲಿಸಲು ಮುಂದೆ ಬರುವುದಿಲ್ಲ.

ತೊಂಬತ್ತರ ದಶಕದಲ್ಲಿ ಒಂದು ದೂರಿನ ಮೇಲೆ ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ಐ.ಟಿ.ಐ. ಮುಗಿಸಿದ ಹುಡುಗರು ಸಾಲಾಗಿ ಯಂತ್ರಗಳ ಮುಂದೆ ನಿಂತಿದ್ದರು. ಜೇಬಿನ ಮೇಲೆ ಟ್ರೈನಿ ಎಂಬ ಬಿಲ್ಲೆ. ಪಕ್ಕದಲ್ಲಿ ಅದೇ ಯಂತ್ರ ನಡೆಸುತ್ತಿದ್ದ ಕಾಯಂ ಕಾರ್ಮಿಕನ ಸಂಬಳದ ಕಾಲು ಭಾಗವೂ ಅವರಿಗೆ ಸಿಗುತ್ತಿರಲಿಲ್ಲ. ಅವಧಿ ಮುಗಿದೊಡನೆ ಒಂದು ತಂಡ ಹೊರಗೆ, ಮತ್ತೊಂದು ಒಳಗೆ. ತುಮಕೂರಿನ ಕಡೆಯ ಒಬ್ಬ ಹುಡುಗನನ್ನು ಏನು ಕಲಿತೆ ಎಂದು ಕೇಳಿದೆ. "ಮೊದಲ ವಾರ ಕಲಿತೆ ಸಾರ್. ಆಮೇಲೆ ಹನ್ನೊಂದು ತಿಂಗಳಿಂದ ಇದನ್ನೇ ಮಾಡ್ತಾ ಇದೀನಿ" ಎಂದ. ಮ್ಯಾನೇಜರ್ ಕಾಫಿ ತರಿಸಿದರು. "ಸಾರ್, ಇವರು ವರ್ಕರ್ಸ್ ಅಲ್ಲ, ಟ್ರೈನೀಸ್. ನಿಮ್ಮ ಆ್ಯಕ್ಟು ಇವರಿಗೆ ಬರೋದಿಲ್ಲ" ಎಂದು ನಗುತ್ತಲೇ ಹೇಳಿದರು. ಒಪ್ಪಂದಗಳು ನೋಂದಣಿಯಾಗಿದ್ದವು. ಕಾಗದಪತ್ರ ಕ್ರಮಬದ್ಧವಾಗಿತ್ತು. ಕಚೇರಿಗೆ ಮರಳಿ, ಕಾನೂನಿನ ಅಭಿಪ್ರಾಯ ಪಡೆದು, ಮುಂದಿನ ಕ್ರಮದ ಅಗತ್ಯವಿಲ್ಲವೆಂಬ ಟಿಪ್ಪಣಿಯ ಕೆಳಗೆ ಸಹಿ ಹಾಕಿದೆ. ಕಾನೂನಿನ ದೃಷ್ಟಿಯಲ್ಲಿ ನಾನು ತಪ್ಪು ಮಾಡಲಿಲ್ಲ. ಆದರೆ ಆ ಹುಡುಗ ಹೇಳಿದ ಹನ್ನೊಂದು ತಿಂಗಳ ಮಾತು ಟಿಪ್ಪಣಿಯಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಬರೆದು, ಇದು ತರಬೇತಿಯೇ ಎಂದು ಮೇಲಿನವರನ್ನು ಕೇಳಬಹುದಿತ್ತು. ಕೇಳಲಿಲ್ಲ.

2025ರ ನವೆಂಬರ್ 21ರಂದು ನಮ್ಮಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಉದ್ಯೋಗಿ ಎಂಬ ವ್ಯಾಖ್ಯೆಯಿಂದ 1961ರ ಕಾಯ್ದೆಯ ಅಪ್ರೆಂಟಿಸ್ ಇಂದಿಗೂ ಹೊರಗೇ ಇದ್ದಾನೆ. ಇನ್ನೊಂದೆಡೆ ನಮ್ಮ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದಾರೆ. 2023-24ರಲ್ಲಿ ಅಮೆರಿಕವೊಂದರಲ್ಲೇ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿ ಇರುವ ನಮ್ಮ 1983ರ ವಲಸೆ ಕಾಯ್ದೆಯ ರಕ್ಷಣೆ ವಿದ್ಯಾರ್ಥಿಯೆಂಬ ಹೆಸರಿನಲ್ಲಿ ಹೋಗುವವರಿಗೆ ದೊರೆಯದು. ಓದಿನ ಜೊತೆಗೆ ಗಳಿಕೆ, ವಿದೇಶದಲ್ಲಿ ಸಂಬಳ ಸಹಿತ ತರಬೇತಿ ಎಂಬ ಜಾಹೀರಾತುಗಳನ್ನು ಓದುವ ತಂದೆತಾಯಿಗಳು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಸಂಬಳ ಕೊಡುವವರು ಯಾರು? ವಸತಿಗೆ ಎಷ್ಟು ಹಿಡಿಯುತ್ತಾರೆ? ಕೆಲಸ ಒಗ್ಗದಿದ್ದರೆ ಬೇರೆಡೆಗೆ ಹೋಗಬಹುದೇ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಮೊದಲೆರಡರ ಉತ್ತರ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಸರ್ಕಾರಗಳು ಮಾಡಬೇಕಾದದ್ದೂ ಗುಟ್ಟಿನದೇನಲ್ಲ. ಕೆಲಸ ಕೊಡಿಸಲು ಕಾರ್ಮಿಕನಿಂದ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರ ತನ್ನ ಒಡಂಬಡಿಕೆಯಲ್ಲೇ ಬರೆದಿದೆ. ವಿದ್ಯಾರ್ಥಿಯೆಂಬ ಹೆಸರಿನಲ್ಲಿ ದುಡಿಯುವವನಿಗೂ ಅದು ಅನ್ವಯವಾಗಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ ನಮ್ಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಆಚರಣೆಯಲ್ಲಿ ಎಷ್ಟೇ ಸೊರಗಿದ್ದರೂ ಈ ವಿಷಯದಲ್ಲಿ ನಮ್ಮ ಕಾನೂನು ಪಾಲ್ಮೈರಾದ ಹುಡುಗರಿಗೆ ದಕ್ಕಿದ್ದಕ್ಕಿಂತ ಮುಂದಿದೆ. ಸಂಬಳ ಕೊಡುವ ಕೈಯೇ ಬಾಡಿಗೆ ಮುರಿದುಕೊಳ್ಳುವುದನ್ನು ತಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಪಾಸಣೆಗೆ ಹೋದ ಅಧಿಕಾರಿ ಬಿಲ್ಲೆಯ ಮೇಲೆ ಏನು ಬರೆದಿದೆಯೆಂದು ನೋಡದೆ, ಅವನ ಕೈ ಏನು ಮಾಡುತ್ತಿದೆ, ಅದರ ಫಲ ಯಾರಿಗೆ ಹೋಗುತ್ತಿದೆ ಎಂಬುದನ್ನು ನೋಡುವಂತೆ ಕಾನೂನು ಹೇಳಬೇಕು. ಕಲಿಕೆಯಿದ್ದರೆ ಅದನ್ನು ತೋರಿಸುವ ಹೊಣೆ ಕಲಿಸುವವನದಾಗಬೇಕು.

ತುಮಕೂರಿನ ಕಡೆಯ ಆ ಹುಡುಗನಿಗೆ ಈಗ ಐವತ್ತರ ಆಸುಪಾಸು. ಬಹುಶಃ ಅವನ ಮಕ್ಕಳು ಓದು ಮುಗಿಸುವ ವಯಸ್ಸಿನಲ್ಲಿರಬಹುದು. ಅವರ ಜೇಬಿನ ಮೇಲೆ ಯಾವ ಬಿಲ್ಲೆ ಇದೆಯೋ ತಿಳಿಯದು. ಅಂದು ನನ್ನೆದುರಿಗಿದ್ದ ಕಾನೂನು ಅವನನ್ನು ಕಾರ್ಮಿಕನಲ್ಲ ಎಂದಿತು. ನಾನೂ ಹಾಗೆಯೇ ಬರೆದೆ. ಪಾಲ್ಮೈರಾದ ವಿದ್ಯಾರ್ಥಿಗಳಿಗೂ ಅವರ ಕಾನೂನು ಅದನ್ನೇ ಹೇಳಿತ್ತು. ಅವರು ಒಪ್ಪಲಿಲ್ಲ. ಕಾರ್ಮಿಕರಂತೆ ಗೇಟಿನ ಹೊರಗೆ ನಿಂತ ದಿನವೇ ಜಗತ್ತು ಅವರನ್ನು ಕಾರ್ಮಿಕರೆಂದು ಒಪ್ಪಿತು. ಗೇಟಿನ ಹೊರಗೆ ನಿಲ್ಲುವ ಧೈರ್ಯ ಎಲ್ಲ ಹುಡುಗರಿಗೂ ಇರುವುದಿಲ್ಲ. ಅದಿಲ್ಲದವರ ಪರವಾಗಿ ಒಂದು ಸಾಲು ಹೆಚ್ಚು ಬರೆಯುವುದು ಕಡತ ನೋಡುವವರ ಕೆಲಸ.